ಬೈಗುಳ ಉಚಿತ, ಉಳಿದದ್ದು ಹೊರಗಿಂದ ತನ್ನಿ

ಸರ್ಕಾರಿ ಆಸ್ಪತ್ರೆಯಲ್ಲಿ 'ಸ್ಟಾಕ್ ಇಲ್ಲ' ಅನ್ನಿಸಿಕೊಳ್ಳದ ಸಾಮಾನು ಒಂದೇ, ಅದು ಬೈಗುಳ. ಸಿರಿಂಜು ಹೊರಗಿಂದ ತರಬೇಕು. ಮಾತ್ರೆಗೆ ಎದುರಿನ ಮೆಡಿಕಲ್ ಸ್ಟೋರಿಗೆ ಓಡಬೇಕು. ಸ್ಕ್ಯಾನಿಂಗ್ ಯಂತ್ರ ಕೆಟ್ಟು ಕೂತಿದ್ದರೆ ಆಟೊ ಹಿಡಿದು ಖಾಸಗಿ ಸೆಂಟರಿಗೆ ಹೋಗಬೇಕು. ರಕ್ತ ಬೇಕಾದರೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಕೈಮುಗಿಯಬೇಕು. ಬೈಗುಳಕ್ಕೆ ಮಾತ್ರ ಎಲ್ಲಿಗೂ ಅಲೆಯಬೇಕಾಗಿಲ್ಲ, ಗೇಟಿನಲ್ಲೇ ಸಿಗುತ್ತದೆ. ಸೆಕ್ಯುರಿಟಿಯವನ ಹತ್ತಿರ ಮೊದಲ ಡೋಸು, ಚೀಟಿ ಕೌಂಟರಿನಲ್ಲಿ ಎರಡನೆಯದು, ಓಪಿಡಿ ಬಾಗಿಲಲ್ಲಿ ಬೂಸ್ಟರ್. ಎಪಿಎಲ್, ಬಿಪಿಎಲ್ ಎಂಬ ಭೇದವಿಲ್ಲ ಅಂತ ಬರೆಯಲು ಹೊರಟಿದ್ದೆ. ಇದೆ. ಬಿಪಿಎಲ್‌ನವರಿಗೆ ಒಂದು ಹಿಡಿ ಜಾಸ್ತಿ.

ಈ ಸೌಲಭ್ಯ ಧಾರಾಳವಾಗಿ ದೊರೆಯುವುದು ಹೆರಿಗೆ ವಾರ್ಡಿನಲ್ಲಿ. ನೋವು ತಿನ್ನುತ್ತಾ ಮಂಚದ ಕಂಬಿ ಹಿಡಿದವಳಿಗೆ ಅಲ್ಲೊಂದು ಪ್ರಶ್ನೆ ಕಾದಿರುತ್ತದೆ: 'ಗಂಡನ ಪಕ್ಕ ಮಲಗುವಾಗ ಹಿಂಗೇ ಕೂಗಿದ್ಯೇನಮ್ಮಾ?' ಬೀದರಿನಿಂದ ಚಾಮರಾಜನಗರದವರೆಗೆ ಕನ್ನಡದ ಸೊಗಡು ಹತ್ತು ಸಲ ಬದಲಾಗುತ್ತದೆ, ಈ ಪ್ರಶ್ನೆ ಬದಲಾಗುವುದಿಲ್ಲ. ಯಾವ ನರ್ಸಿಂಗ್ ಪಠ್ಯದಲ್ಲೂ ಇದು ಅಚ್ಚಾಗಿಲ್ಲ, ಯಾವ ಪರೀಕ್ಷೆಯಲ್ಲೂ ಇದಕ್ಕೆ ಅಂಕವಿಲ್ಲ. ಆದರೂ ಸೀನಿಯರ್ ಬಾಯಿಂದ ಜೂನಿಯರ್ ಬಾಯಿಗೆ, ಅಲ್ಲಿಂದ ಆಯಾ ಬಾಯಿಗೆ ಒಂದಕ್ಷರ ಲೋಪವಾಗದೆ ಇಳಿದು ಬಂದಿದೆ. ಜಾನಪದ ಸಂಗ್ರಹಕಾರರು ಹಳ್ಳಿ ಹಳ್ಳಿ ಅಲೆಯುವ ಬದಲು ಒಂದು ರಾತ್ರಿ ಲೇಬರ್ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತರೆ ಒಂದು ಸಂಪುಟಕ್ಕಾಗುವಷ್ಟು ಸರಕು ಸಿಗುತ್ತದೆ. ಬೆಂಚು ಇದ್ದರೆ.

ಕಾಗದದ ಮೇಲೆ ನಮ್ಮ ಬಾಣಂತಿಯರಷ್ಟು ಪುಣ್ಯವಂತರು ಯಾರೂ ಇಲ್ಲ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ಹೆರಿಗೆ ಹೊತ್ತಿನಲ್ಲಿ ಬೈಯುವುದು, ಹೊಡೆಯುವುದು, ಅವಮಾನ ಮಾಡುವುದು ಹೆಣ್ಣಿನ ಹಕ್ಕುಗಳ ಉಲ್ಲಂಘನೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿಯಾಗಿದೆ. 2017ರಲ್ಲಿ ಕೇಂದ್ರ ಸರ್ಕಾರ 'ಲಕ್ಷ್ಯ' ಎಂಬ ಕಾರ್ಯಕ್ರಮ ತಂದು, ಹೆರಿಗೆ ಕೋಣೆಯಲ್ಲಿ ತಾಯಿಗೆ ಗೌರವ ಕೊಡಬೇಕು ಎಂದು ಬರೆಯಿತು. ಗೋಡೆಗೆ ಪೋಸ್ಟರ್ ಬಂತು, ಅದರಲ್ಲಿ ಮಗುವನ್ನೆತ್ತಿ ನಗುವ ತಾಯಿಯ ಚಿತ್ರವೂ ಬಂತು. ಆ ಪೋಸ್ಟರಿನ ಕೆಳಗೇ ನಿಂತು ಆಯಾ, ಬಟ್ಟೆಯಲ್ಲಿ ಸುತ್ತಿದ ಕೂಸಿನ ಮುಖ ತೋರಿಸುವ ಮುಂಚೆ ತನ್ನ ಅಂಗೈ ತೋರಿಸುತ್ತಾಳೆ. ಗಂಡಾದರೆ ಒಂದು ರೇಟು, ಹೆಣ್ಣಾದರೆ ಇನ್ನೊಂದು. ಹೆಣ್ಣುಮಗು ಹುಟ್ಟಿದ್ದಕ್ಕೆ ಈ ದೇಶದಲ್ಲಿ ರಿಯಾಯಿತಿ ಸಿಗುವ ಜಾಗ ಇದೊಂದೇ ಇರಬೇಕು.

ನಗು ಇಲ್ಲಿಗೆ ಸಾಕು. 2022ರ ನವೆಂಬರ್ ಮೊದಲ ವಾರ ತುಮಕೂರಿನಲ್ಲಿ ನಡೆದದ್ದು ಯಾರಿಗೂ ನಗು ತರಿಸುವಂಥದ್ದಲ್ಲ. ತುಂಬು ಗರ್ಭಿಣಿಯೊಬ್ಬಳು ರಾತ್ರಿ ಹೊತ್ತಲ್ಲಿ ಜಿಲ್ಲಾಸ್ಪತ್ರೆಗೆ ಬಂದಳು. ಬಡವಿ, ತಮಿಳುನಾಡು ಮೂಲದವಳು. ಆಧಾರ್ ಕಾರ್ಡ್ ಇಲ್ಲ, ತಾಯಿ ಕಾರ್ಡ್ ಇಲ್ಲ ಎಂದು ಸೇರಿಸಿಕೊಳ್ಳಲಿಲ್ಲ, ಬೆಂಗಳೂರಿಗೆ ಹೋಗು ಅಂದರು. ಬೆಂಗಳೂರಿಗೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ, ಮನೆಗೆ ವಾಪಸಾದಳು. ಮನೆಯಲ್ಲೇ ಹೆರಿಗೆಯಾಯಿತು. ತಾಯಿಯೂ ಸತ್ತಳು, ಅವಳಿ ಮಕ್ಕಳೂ ಸತ್ತವು. ಆಮೇಲೆ ಸಚಿವರು ಬಂದರು, ವೈದ್ಯೆ ಮತ್ತು ನರ್ಸುಗಳ ಅಮಾನತಾಯಿತು, ತುರ್ತು ಚಿಕಿತ್ಸೆಗೆ ದಾಖಲೆ ಕೇಳಕೂಡದು ಎಂದು ಹೇಳಲಾಯಿತು. ಜೀವಕ್ಕೆ ಅಪಾಯವಿದ್ದಾಗ ಕಾಗದಪತ್ರಕ್ಕೆ ಕಾಯದೆ ಚಿಕಿತ್ಸೆ ಕೊಡುವುದು ಪ್ರತಿ ವೈದ್ಯರ ಕರ್ತವ್ಯ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1989ರಲ್ಲಿ. ದೆಹಲಿಯ ಆ ಮಾತು ತುಮಕೂರಿಗೆ ತಲುಪಲು 33 ವರ್ಷ ಮತ್ತು ಮೂರು ಜೀವ ಹಿಡಿಯಿತು.

ಅಮಾನತು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಆಸ್ಪತ್ರೆಗಳ ಒಳಲೆಕ್ಕ ಗೊತ್ತಿದ್ದವರಿಗೆ ಇನ್ನೊಂದು ವಿಷಯವೂ ಗೊತ್ತು. ರಿಜಿಸ್ಟರಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ಮೆಮೊ ಬರುತ್ತದೆ. ದಾಖಲೆಯಿಲ್ಲದ ಕೇಸು ಸೇರಿಸಿಕೊಂಡು ರೋಗಿ ಸತ್ತರೆ ಡೆತ್ ಆಡಿಟ್ಟು, ವಿಚಾರಣೆ, ಇಂಕ್ರಿಮೆಂಟ್ ಕಟ್. ಬಾಗಿಲಿಂದಲೇ ಸಾಗಹಾಕಿದ ರೋಗಿಯ ಹೆಸರು ಮಾತ್ರ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ, ಅವಳು ಆ ಆಸ್ಪತ್ರೆಯ ಪಾಲಿಗೆ ಹುಟ್ಟಿಯೇ ಇಲ್ಲ. ಸಾಮಾನ್ಯ ದಿನಗಳಲ್ಲಿ ಅವಳ ಬಗ್ಗೆ ಕೇಳುವವರೂ ಇಲ್ಲ. ಹೀಗೆ ಕರುಣೆ ತೋರಿಸಿದವನಿಗೆ ಶಿಕ್ಷೆಯ ಭಯ, ತೋರಿಸದವನಿಗೆ ನೆಮ್ಮದಿ ಎಂದು ನಾವೇ ಮೇಲಿಂದ ಕೆಳಗಿನವರೆಗೆ ಏರ್ಪಾಟು ಮಾಡಿಟ್ಟು, ಕೊನೆಯ ಬಾಗಿಲಲ್ಲಿ ನಿಂತವಳನ್ನು 'ನಿನಗೆ ಹೃದಯ ಇಲ್ವಾ?' ಎಂದು ಕೇಳುತ್ತೇವೆ. ಹೃದಯ ಇತ್ತು. ಸರ್ವೀಸಿಗೆ ಸೇರುವಾಗ ಒರಿಜಿನಲ್ ಸರ್ಟಿಫಿಕೇಟುಗಳ ಜೊತೆ ಕೊಟ್ಟದ್ದು ಫೈಲಿನಲ್ಲೇ ಉಳಿಯಿತು.

ಬೈಗುಳದ ತಲಕಾವೇರಿ ಯಾವುದು ಎಂದು ಹುಡುಕಿಕೊಂಡು ಹೋದರೆ ವಿಧಾನಸೌಧದ ಆಸುಪಾಸಿಗೇ ಬಂದು ನಿಲ್ಲುತ್ತೇವೆ. ಸಚಿವರು, ಶಾಸಕರು ಆಸ್ಪತ್ರೆಗೆ 'ದಿಢೀರ್ ಭೇಟಿ' ಕೊಡುತ್ತಾರೆ. ಎಷ್ಟು ದಿಢೀರ್ ಅಂದರೆ ಟಿವಿಯವರು ಅರ್ಧ ಗಂಟೆ ಮುಂಚೆಯೇ ಬಂದು ಲೈಟಿಂಗ್ ಸರಿಮಾಡಿಕೊಂಡಿರುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಯನ್ನು ರೋಗಿಗಳೆದುರೇ ನಿಲ್ಲಿಸಿಕೊಂಡು, 'ಏನ್ರೀ, ಕತ್ತೆ ಕಾಯ್ತಿದ್ದೀರೇನ್ರೀ ಇಲ್ಲಿ?' ಎಂಬ ಐತಿಹಾಸಿಕ ವಾಕ್ಯ ಹೊರಡುತ್ತದೆ. ಚಪ್ಪಾಳೆ, ರಾತ್ರಿ ಒಂಬತ್ತರ ಸುದ್ದಿ, 'ಅಧಿಕಾರಿಗಳಿಗೆ ಚಳಿ ಬಿಡಿಸಿದ ಸಚಿವರು' ಎಂಬ ಶೀರ್ಷಿಕೆ. ನಾವೂ ಊಟದ ತಟ್ಟೆ ಮುಂದಿಟ್ಟುಕೊಂಡು ನೋಡಿ ಖುಷಿಪಡುತ್ತೇವೆ. ಆ ಚಳಿ ಬಿಟ್ಟವರು ಮರುದಿನ ಎಲ್ಲಿಗೆ ಹೋಗುತ್ತಾರೆ ಎಂದು ಯೋಚಿಸುವುದಿಲ್ಲ.

ಅವರು ಹೋಗುವುದು ಸೂಪರಿಂಟೆಂಡೆಂಟರ ಕೋಣೆಗೆ. ಅಲ್ಲಿಂದ ಬೈಗುಳ ವಿಭಾಗದ ಮುಖ್ಯಸ್ಥರಿಗೆ ಇಳಿಯುತ್ತದೆ. ಮುಖ್ಯಸ್ಥರು ಬೆಳಗಿನ ರೌಂಡ್ಸಿನಲ್ಲಿ, ಹತ್ತು ಜನ ವಿದ್ಯಾರ್ಥಿಗಳು ಮತ್ತು ನಲವತ್ತು ರೋಗಿಗಳ ಸಮ್ಮುಖದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ, ಅಂದರೆ ಪಿಜಿಯ ಮುಖಕ್ಕೆ ಕೇಸ್ ಶೀಟು ಎಸೆದು, 'ನಿನಗೆ ಸೀಟು ಯಾರಯ್ಯಾ ಕೊಟ್ಟಿದ್ದು?' ಅನ್ನುತ್ತಾರೆ. ಪಿಜಿ ಅದನ್ನು ಹೌಸ್ ಸರ್ಜನ್‌ಗೆ ದಾಟಿಸುತ್ತಾನೆ. ಇಲ್ಲಿ ಹರಿವು ಒಂದು ತಿರುವು ತೆಗೆದುಕೊಳ್ಳುತ್ತದೆ, ಯಾಕೆಂದರೆ ಹೌಸ್ ಸರ್ಜನ್ನು ಸಿಸ್ಟರಿಗೆ ಬೈಯುವಂತಿಲ್ಲ. ಇಪ್ಪತ್ತು ವರ್ಷ ಸರ್ವೀಸಾದ ಸಿಸ್ಟರೇ ಅವನಿಗೆ ಬೈಯುತ್ತಾರೆ. ಸಿಸ್ಟರಿಂದ ಆಯಾಗೆ, ಆಯಾಳಿಂದ ವಾರ್ಡ್ ಬಾಯ್‌ಗೆ, ವಾರ್ಡ್ ಬಾಯ್‌ನಿಂದ ಸ್ಟ್ರೆಚರ್ ಕೇಳಲು ಬಂದವನಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಏಳು ಅತ್ತೆಯರು, ಒಂದು ಕೊತ್ತಿ. ಆ ಕೊತ್ತಿಯೂ ಸುಮ್ಮನಿರುವುದಿಲ್ಲ. ಮಂಚದ ಮೇಲೆ ಮಲಗಿದ ಗಂಡಸು, ಮಂಚದ ಕೆಳಗೆ ಚಾಪೆ ಹಾಸಿ ಮೂರು ರಾತ್ರಿಯಿಂದ ಕಣ್ಣು ಮುಚ್ಚದ ಹೆಂಡತಿಗೆ, 'ಬಿಸಿನೀರು ತರೋದಕ್ಕೆ ಇಷ್ಟೊತ್ತೇನೇ?' ಎಂದು ಗದರುತ್ತಾನೆ. ವಿಧಾನಸೌಧದಲ್ಲಿ ಹೊರಟದ್ದು ಅವಳ ಹತ್ತಿರ ಬಂದು ಇಂಗುತ್ತದೆ. ಅವಳ ಕೆಳಗೆ ಯಾರೂ ಇಲ್ಲ.

ಈ ಬೈಗುಳದ ಹರಿವಿಗೆ ವೈದ್ಯಲೋಕ ಕೊಟ್ಟ ಹೆಸರು 'ಟ್ರೈನಿಂಗ್'. 'ನಾವೂ ಹೀಗೇ ಬೈಸಿಕೊಂಡು ಕಲಿತದ್ದು' ಎಂದು ಹಿರಿಯ ವೈದ್ಯರು ಹೆಮ್ಮೆಯಿಂದ ಹೇಳುತ್ತಾರೆ. ಬೈಸಿಕೊಂಡು ಕಲಿತದ್ದು ಬೈಯುವುದನ್ನೇ ಎಂಬುದಕ್ಕೆ ಅವರ ವಾರ್ಡೇ ಸಾಕ್ಷಿ.

ಪಿಜಿಗಳ ದುಡಿಮೆಯ ಲೆಕ್ಕವನ್ನೇ ನೋಡಿ. ರೆಸಿಡೆಂಟ್ ವೈದ್ಯರ ನಿರಂತರ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಎಂದು ಕೇಂದ್ರ ಸರ್ಕಾರ ನಿರ್ದೇಶನ ಹೊರಡಿಸಿದ್ದು 1992ರಲ್ಲಿ. ಆ ಕಾಗದ ಹೊರಟಾಗ ಹುಟ್ಟಿದ ಕೂಸು ಈಗ ಎಂಡಿ ಮುಗಿಸಿ, ತನ್ನ ಪಿಜಿಗಳನ್ನು 36 ಗಂಟೆ ನಿಲ್ಲಿಸಿಕೊಳ್ಳುವ ವಯಸ್ಸಿಗೆ ಬಂದಿದೆ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ಯುವ ವೈದ್ಯೆ, ಸುದೀರ್ಘ ಪಾಳಿಯ ನಡುವೆ ಒಂದಿಷ್ಟು ಕಣ್ಣು ಮುಚ್ಚಲು ಹೋದದ್ದು ಸೆಮಿನಾರ್ ಹಾಲಿಗೆ. ದೇಶಕ್ಕೆ ದೇಶವೇ ಬೀದಿಗಿಳಿಯಿತು, ಸುಪ್ರೀಂ ಕೋರ್ಟು ಕಾರ್ಯಪಡೆ ರಚಿಸಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗದ ಇನ್ನೊಂದು ಕಾರ್ಯಪಡೆ, ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಅಧ್ಯಯನ ಮಾಡಿ, ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬೇಡಿ, ವಾರಕ್ಕೊಂದು ರಜೆ ಕೊಡಿ ಎಂದು ಶಿಫಾರಸು ಮಾಡಿತು. ಗಮನಿಸಿ, 74 ಗಂಟೆ ಎಂಬುದು ಇಲ್ಲಿ ಶೋಷಣೆಯ ದೂರಲ್ಲ, ಅದು ದಯಾಪರರಾದ ತಜ್ಞರ ಸಲಹೆ. ವಾರಕ್ಕೆ 70 ಗಂಟೆ ದುಡಿಯಿರಿ ಎಂದು ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರಲ್ಲಿ ಅಂದಾಗ ಬೆಂಗಳೂರಿನ ಸಾಫ್ಟ್‌ವೇರ್ ಮಕ್ಕಳು ಕೋಪದಿಂದ ಕೀಲಿಮಣೆ ಕುಟ್ಟಿದರು. ವಿಕ್ಟೋರಿಯಾ ಆಸ್ಪತ್ರೆಯ ಪಿಜಿಗೆ ಆ ಸುದ್ದಿ ತಲುಪಿದ್ದರೆ, ವಾರಕ್ಕೆ ಅಷ್ಟು ಬಿಡುವು ಕೊಡುವ ಕಂಪನಿ ಯಾವುದು ಎಂದು ವಿಳಾಸ ಕೇಳುತ್ತಿದ್ದ.

ಇನ್ನು ಸಿಸ್ಟರುಗಳ ಪಾಡು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸು, ಬೋಧನಾ ಆಸ್ಪತ್ರೆಯಲ್ಲದ ಕಡೆ ಐದಕ್ಕೆ ಒಬ್ಬರು ಎಂದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಹೇಳುತ್ತದೆ. ನೀವು ಯಾವತ್ತಾದರೂ ರಾತ್ರಿ ಹನ್ನೊಂದರ ಮೇಲೆ ಸರ್ಕಾರಿ ವಾರ್ಡಿನಲ್ಲಿ ಉಳಿದವರಾದರೆ ಈ ವಾಕ್ಯವನ್ನು ಇನ್ನೊಮ್ಮೆ ಓದಿ ನಗಬಹುದು. ಇಡೀ ವಾರ್ಡಿಗೆ ಒಂದು ಟ್ಯೂಬ್‌ಲೈಟು, ಒಬ್ಬರು ಸಿಸ್ಟರು. ಒಬ್ಬನ ಡ್ರಿಪ್ ಮುಗಿದಿರುತ್ತದೆ, ಇನ್ನೊಬ್ಬನಿಗೆ ವಾಂತಿ, ಮೂರನೆಯವನ ಕಡೆಯವರು ಕುಡಿದು ಬಂದಿರುತ್ತಾರೆ, ನಾಲ್ಕನೆಯ ಮಂಚದ ಅಜ್ಜ ಉಸಿರಾಡುತ್ತಿದ್ದಾನೋ ಇಲ್ಲವೋ ನೋಡಬೇಕು. ಇದರ ನಡುವೆ ಏಳು ರಿಜಿಸ್ಟರು ತುಂಬಬೇಕು, ಅದನ್ನೇ ಮತ್ತೆ ಪೋರ್ಟಲಿಗೂ ಹತ್ತಿಸಬೇಕು, ಸರ್ವರ್ ಡೌನ್. ಆಗ ನೀವು ಹೋಗಿ, 'ಸಿಸ್ಟರ್, ಫ್ಯಾನ್ ತಿರುಗ್ತಾ ಇಲ್ಲ' ಅನ್ನುತ್ತೀರಿ. ಅವರು ಬೈಯುತ್ತಾರೆ. ನೀವು ಮರುದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿ, ನರ್ಸುಗಳಿಗೆ ಮಾನವೀಯತೆಯೇ ಇಲ್ಲ ಎಂದು ಭಾಷಣ ಮಾಡುತ್ತೀರಿ. ಅಂಗೈ ಚಾಚಿದ ಆಯಾ ಕೂಡ ಸರ್ಕಾರದ ನೌಕರಳಲ್ಲ, ಏಜೆನ್ಸಿಯವಳು. ಸರ್ಕಾರದಿಂದ ಏಜೆನ್ಸಿಗೆ, ಏಜೆನ್ಸಿಯಿಂದ ಅವಳಿಗೆ ಸಂಬಳ ನಡೆದುಕೊಂಡೇ ಬರುತ್ತದೆ. ಲಂಚಕ್ಕೆ ಇದು ಸಮರ್ಥನೆ ಅಲ್ಲ. ಆದರೆ ಸಂಬಳ ತಡೆಹಿಡಿದವನಿಗೆ ಏರ್ ಕಂಡೀಷನ್ ಕೋಣೆ, ಇವಳಿಗೆ ಲೋಕಾಯುಕ್ತರ ಟ್ರ್ಯಾಪ್.

ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟಿನ ಸೂಚನೆಯಂತೆ 2016ರಲ್ಲಿ ಸಮಿತಿಯೊಂದು ಕೂತಿತ್ತು. 200 ಹಾಸಿಗೆ ದಾಟಿದ ಆಸ್ಪತ್ರೆಗಳು ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, ತೀರಾ ಸಣ್ಣ ಆಸ್ಪತ್ರೆಯಲ್ಲೂ 20,000 ರೂಪಾಯಿಗೆ ಕಡಿಮೆ ಇರಬಾರದು ಎಂದು ಅದು ಹೇಳಿತು. ನಿಮ್ಮೂರಿನ ನರ್ಸಿಂಗ್ ಹೋಮಿನಲ್ಲಿ ಇಂಜೆಕ್ಷನ್ ಚುಚ್ಚುವ ಹುಡುಗಿಯನ್ನು ಮೆಲ್ಲಗೆ ಕೇಳಿ ನೋಡಿ. ಅವಳು ಉತ್ತರ ಹೇಳುವ ಮುಂಚೆ ಹಿಂದೆ ತಿರುಗಿ ಯಾರಾದರೂ ಇದ್ದಾರಾ ಎಂದು ನೋಡುತ್ತಾಳೆ. ಅದೇ ಉತ್ತರ.

ಇಷ್ಟೆಲ್ಲ ರೋಗಕ್ಕೆ ಆಡಳಿತ ಮಂಡಳಿಗಳು ಕಂಡುಕೊಂಡ ಮದ್ದು ಯಾವುದು ಗೊತ್ತೆ? ಕಾರ್ಯಾಗಾರ. 'ಮುಗುಳ್ನಗೆಯೊಂದಿಗೆ ಸೇವೆ' ಎಂಬ ಬ್ಯಾನರು, ಎಲ್‌ಸಿಡಿ ಪ್ರೊಜೆಕ್ಟರು, ಕೋಟು ಹಾಕಿದ ಪ್ರೇರಣಾ ಭಾಷಣಕಾರ. ನಡೆಯುವುದು ಭಾನುವಾರ, ಅಂದರೆ ಸಿಸ್ಟರಿಗೆ ಸಿಗಬೇಕಿದ್ದ ವಾರದ ರಜೆಯ ದಿನ. ಹಾಜರಾತಿ ಕಡ್ಡಾಯ, ಬಾರದಿದ್ದವರಿಗೆ ಕಾರಣ ಕೇಳಿ ನೋಟಿಸು. ರಾತ್ರಿ ಪಾಳಿ ಮುಗಿಸಿ ನೇರ ಬಂದು ಕೂತವರಿಗೆ ಅವನು ಕಣ್ಣು ಮುಚ್ಚಿ ದೀರ್ಘ ಉಸಿರು ಎಳೆದುಕೊಳ್ಳಲು ಹೇಳುತ್ತಾನೆ. ಮುಚ್ಚಿದ ಕಣ್ಣು ತೆರೆಯುವುದಿಲ್ಲ, ಮೂರನೆಯ ಸಾಲಿನಿಂದ ಗೊರಕೆ ಕೇಳುತ್ತದೆ. ಆಡಳಿತಾಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂತು, 'ನೋಡಿ, ಎಷ್ಟು ರಿಲ್ಯಾಕ್ಸ್ ಆಗಿದ್ದಾರೆ' ಎಂದು ಸಂತೋಷಪಡುತ್ತಾರೆ. ವರ್ಷಕ್ಕೊಮ್ಮೆ ಮೇ 12ಕ್ಕೆ, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಕೇಕು ಬರುತ್ತದೆ. ಕೇಕಿನ ಮೇಲೆ 'ನೀವೇ ನಮ್ಮ ದೇವತೆಗಳು' ಎಂಬ ಬರಹ. ದೇವತೆಗಳಿಗೆ ಓವರ್‌ಟೈಮ್ ಇರುವುದಿಲ್ಲ ಎಂಬುದು ಪುರಾಣಗಳಿಂದಲೂ ತಿಳಿದುಬರುತ್ತದೆ.

ವೈದ್ಯ ವಿದ್ಯಾರ್ಥಿಗಳಿಗೂ ಈಗ ಸಹಾನುಭೂತಿಯ ಪಾಠವಿದೆ. 2019ರ ಹೊಸ ಪಠ್ಯಕ್ರಮದಲ್ಲಿ 'ಎಟ್‌ಕಾಮ್' ಎಂಬ ಭಾಗ ಸೇರಿತು: ವರ್ತನೆ, ನೀತಿ, ಸಂವಹನ. ಒಳ್ಳೆಯದೇ, ನಾನು ಅದನ್ನು ಆಡಿಕೊಳ್ಳುವುದಿಲ್ಲ. ತರಗತಿಯಲ್ಲಿ ವಿದ್ಯಾರ್ಥಿ, ರೋಗಿಯ ಕಣ್ಣು ನೋಡಿ ಮಾತಾಡಬೇಕು, ಹೆಸರು ಹಿಡಿದು ಕರೆಯಬೇಕು ಎಂದು ಬರೆದುಕೊಳ್ಳುತ್ತಾನೆ. ಹತ್ತು ಗಂಟೆಗೆ ವಾರ್ಡಿಗೆ ಬರುತ್ತಾನೆ. ಅಲ್ಲಿ ಅವನ ಪ್ರೊಫೆಸರು, 'ಆ ಮೂಲೆಯ ಲಿವರ್ ಏನಂತೆ?' ಎಂದು ಕೇಳುತ್ತಿರುತ್ತಾರೆ. ಮೂಲೆಯ ಲಿವರ್‌ಗೆ ಒಂದು ಹೆಸರಿದೆ, ಹಾವೇರಿ ಕಡೆ ಎರಡು ಎಕರೆ ಹೊಲವಿದೆ, ಮಗಳ ಮದುವೆ ನಿಶ್ಚಯವಾಗಿದೆ. ಡಾಕ್ಟರುಗಳು ತನ್ನ ತಲೆಯ ಮೇಲೆ ಇಂಗ್ಲಿಷಿನಲ್ಲಿ ಆಡಿದ ಮಾತಿನಲ್ಲಿ ಲಿವರ್‌ಗೆ ಅರ್ಥವಾದದ್ದು 'ಪೂರ್' ಎಂಬ ಒಂದೇ ಪದ. ಅವನು ಅದನ್ನು ತನ್ನ ಬಡತನದ ಬಗ್ಗೆ ಆಡಿದ್ದು ಅಂದುಕೊಂಡು ಸಮಾಧಾನವಾಗಿದ್ದಾನೆ. ರೋಗಿಗೂ ಡಾಕ್ಟರ ಹೆಸರು ಗೊತ್ತಿಲ್ಲ. 'ದೊಡ್ಡ ಡಾಕ್ಟ್ರು', 'ಕನ್ನಡಕದ ಡಾಕ್ಟ್ರು', 'ಬೈಯೋ ಡಾಕ್ಟ್ರು'. ಈ ಮೂರನೆಯ ಹೆಸರಿಗೆ ಪ್ರತಿ ಆಸ್ಪತ್ರೆಯಲ್ಲೂ ಪೈಪೋಟಿ ಇದೆ.

ಹೆಸರಿನ ವಿಷಯ ಬಂದಿದ್ದಕ್ಕೆ ಇಂಗ್ಲೆಂಡಿನ ಕೇಟ್ ಗ್ರೇಂಜರ್ ನೆನಪಾಗುತ್ತಾರೆ. ಸ್ವತಃ ವೈದ್ಯೆ, ಗುಣವಾಗದ ಕ್ಯಾನ್ಸರಿನಿಂದ 2013ರಲ್ಲಿ ಆಸ್ಪತ್ರೆಯ ಮಂಚದ ಮೇಲಿದ್ದಾಗ, ತನ್ನನ್ನು ಮುಟ್ಟಿ ನೋಡುವವರಲ್ಲಿ ಹೆಚ್ಚಿನವರು ತಮ್ಮ ಹೆಸರನ್ನೂ ಹೇಳುವುದಿಲ್ಲ ಎಂಬುದನ್ನು ಕಂಡರು. 'ನಮಸ್ಕಾರ, ನನ್ನ ಹೆಸರು ಇಂಥದ್ದು' ಎನ್ನಿ ಸಾಕು ಎಂದು ಅಭಿಯಾನ ಶುರುಮಾಡಿದರು, ಅದು ಆ ದೇಶದ ಆಸ್ಪತ್ರೆಗಳಲ್ಲೆಲ್ಲ ಹಬ್ಬಿತು. 2016ರಲ್ಲಿ ಅವರು ತೀರಿಕೊಂಡಾಗ ವಯಸ್ಸು 34. ಬ್ರಿಟನ್ನಿನವರು ನಮಗಿಂತ ಮೃದು ಮನಸ್ಸಿನವರೆಂದು ಇದರಿಂದ ತೀರ್ಮಾನಿಸಬೇಡಿ. ಅದೇ 2013ರಲ್ಲಿ ಸ್ಟಾಫರ್ಡ್ ಆಸ್ಪತ್ರೆಯ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ಆಯೋಗದ ವರದಿ ಬಂತು. ಅಲ್ಲಿ ರೋಗಿಗಳು ಮಲಮೂತ್ರದಲ್ಲೇ ಬಿದ್ದಿದ್ದರು, ಕುಡಿಯಲು ನೀರು ಕೊಡುವವರಿರಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ರಾಕ್ಷಸರಾದ ನರ್ಸುಗಳಲ್ಲ. ಖರ್ಚು ಉಳಿಸಲು ಸಿಬ್ಬಂದಿ ಕಡಿತ ಮಾಡಿ, ಗುರಿ ಮುಟ್ಟಿದ ಅಂಕಿ ಅಂಶಗಳನ್ನು ನೋಡಿ ಸಂತೋಷಪಡುತ್ತಿದ್ದ ಮಂಡಳಿ. ಆಯೋಗ 290 ಶಿಫಾರಸು ಮಾಡಿತು. ನಮ್ಮಲ್ಲಾಗಿದ್ದರೆ ಇಬ್ಬರು ಆಯಾಗಳನ್ನು ಕೆಲಸದಿಂದ ತೆಗೆದು ಕೈತೊಳೆದುಕೊಳ್ಳುತ್ತಿದ್ದೆವು.

ಸರ್ಕಾರಿ ಆಸ್ಪತ್ರೆ ಬಿಡಿ ಸ್ವಾಮಿ, ದುಡ್ಡು ಕೊಟ್ಟರೆ ಖಾಸಗಿಯಲ್ಲಿ ರಾಜಮರ್ಯಾದೆ ಸಿಗುತ್ತದೆ ಅನ್ನುವವರಿದ್ದಾರೆ. ಸಿಗುತ್ತದೆ. ಗಾಜಿನ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಕೋಟು ತೊಟ್ಟ ಹುಡುಗಿ 'ಗುಡ್ ಮಾರ್ನಿಂಗ್ ಅಂಕಲ್, ಟಿಫಿನ್ ಆಯ್ತಾ?' ಎಂದು ವಿಚಾರಿಸುತ್ತಾಳೆ. ನಿಮ್ಮ ಸ್ವಂತ ಮಗ ಎಷ್ಟು ವರ್ಷದಿಂದ ಹಾಗೆ ಕೇಳಿಲ್ಲವೋ, ಗಂಟಲು ತುಂಬಿ ಬರುತ್ತದೆ. ಡಿಪಾಸಿಟ್ ಇರುವವರೆಗೆ ಈ ಮಮತೆಗೆ ಕೊರತೆಯಿಲ್ಲ. ಅದು ಖಾಲಿಯಾದ ದಿನ, 'ಅಂಕಲ್' ಹೋಗಿ 'ರೂಮ್ ನಂಬರ್ 412ರ ಅಟೆಂಡರ್, ಬಿಲ್ಲಿಂಗ್ ಕೌಂಟರಿಗೆ ಬನ್ನಿ' ಎಂದು ಮೈಕು ಕೂಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ಡಿಸ್ಚಾರ್ಜ್ ಅಂದರೆ, ಇನ್ಶೂರೆನ್ಸಿನವರ ಅಪ್ರೂವಲ್ ಬರುವಷ್ಟರಲ್ಲಿ ಸಂಜೆ ದೀಪ ಹಚ್ಚುವ ಹೊತ್ತು. ಬಿಲ್ಲಿನಲ್ಲಿ ಹತ್ತಿ, ಗ್ಲೌಸು, ಥರ್ಮಾಮೀಟರುಗಳ ಜೊತೆ 'ನರ್ಸಿಂಗ್ ಚಾರ್ಜಸ್' ಎಂಬ ಸಾಲೂ ಇರುತ್ತದೆ. ಆ ದುಡ್ಡಿನಲ್ಲಿ ನರ್ಸಿಗೆ ಎಷ್ಟು ಹೋಯಿತು ಎಂಬ ಸಾಲು ಇರುವುದಿಲ್ಲ. ಹೊರಡುವಾಗ ಫೀಡ್‌ಬ್ಯಾಕ್ ಹಾಳೆ ಹಿಡಿದ ಹುಡುಗಿ ದೈನ್ಯದಿಂದ, 'ಹತ್ತಕ್ಕೆ ಹತ್ತು ಕೊಡಿ ಅಂಕಲ್, ಒಂಬತ್ತು ಕೊಟ್ರೂ ನಮಗೆ ಬೈತಾರೆ' ಅನ್ನುತ್ತಾಳೆ. ಆಯಿತಲ್ಲ, ಇಲ್ಲೂ ಅದೇ ಹರಿವು, ಮೇಲೆ ಟೈಲ್ಸ್ ಹಾಕಿದ್ದಾರೆ ಅಷ್ಟೆ.

ಬಿಲ್ ಕಟ್ಟದಿದ್ದರೆ ಹೆಣವನ್ನೂ ಬಿಡದ ಆಸ್ಪತ್ರೆಗಳ ಕತೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹಾಗೆ ಹಿಡಿದಿಟ್ಟುಕೊಳ್ಳಕೂಡದು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರ ಹೇಳುತ್ತದೆ, ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯೂ ಹೇಳುತ್ತದೆ. ಆ ತಿದ್ದುಪಡಿ ತರಲು ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಹೊರಟಾಗ, 2017ರ ನವೆಂಬರಿನಲ್ಲಿ, ಖಾಸಗಿ ವೈದ್ಯರು ಆಸ್ಪತ್ರೆಗಳಿಗೆ ಬೀಗ ಹಾಕಿ ಅಧಿವೇಶನ ನಡೆಯುತ್ತಿದ್ದ ಬೆಳಗಾವಿಗೆ ಹೋಗಿ ಕೂತರು. ಕರಡಿನ ಹಲ್ಲುಗಳನ್ನು ಅರಿವಳಿಕೆ ಇಲ್ಲದೆಯೇ ಕಿತ್ತು ವಾಪಸು ಬಂದರು. ಕಾಯ್ದೆಯೊಳಗಿನ ರೋಗಿಯ ಹಕ್ಕುಪತ್ರ ಹೇಗೋ ಉಳಿಯಿತು. ಇವತ್ತು ಅದನ್ನು ಹುಡುಕಬೇಕಾದರೆ ರಿಸೆಪ್ಷನ್‌ನ ಕುಂಡದ ಹಿಂದೆ ನೋಡಿ.

ಹಾಗಾದರೆ ನಮ್ಮ ಆಸ್ಪತ್ರೆಗಳಲ್ಲಿ ಕರುಣೆ ಎಂಬುದು ಇಲ್ಲವೇ ಇಲ್ಲವೆ? ಯಾರು ಹೇಳಿದ್ದು! ಶಾಸಕರ ಪಿಎ ಒಂದು ಫೋನು ಮಾಡಿ ನೋಡಲಿ. ಇಲ್ಲದ ಬೆಡ್ಡು ಇರುತ್ತದೆ, ಕೆಟ್ಟ ಲಿಫ್ಟು ಓಡುತ್ತದೆ, 'ಏಯ್' ಅಂದವರು 'ಬನ್ನಿ ಸಾರ್, ಕೂತ್ಕೊಳಿ' ಅನ್ನುತ್ತಾರೆ. ಸ್ಟ್ರೆಚರಿನ ಮೇಲೆ ಒಗೆದ ಬಿಳಿ ಹಾಸು ಕೂಡ ಬರುತ್ತದೆ. ಅದು ಅಷ್ಟು ದಿನ ಎಲ್ಲಿತ್ತು ಎಂದು ವಾರ್ಡಿನವರೇ ಬೆರಗಾಗುತ್ತಾರೆ. ಅಂದರೆ ದಾಸ್ತಾನು ಇದೆ, ಬೀಗದ ಕೈ ಮಾತ್ರ ಬೇರೆಯವರ ಹತ್ತಿರ. ಸೂಪರಿಂಟೆಂಡೆಂಟರ ಕೋಣೆಯಲ್ಲಿ ಬಸವಣ್ಣನವರ ಭಾವಚಿತ್ರವೂ ಇದೆ. 2024ರಲ್ಲಿ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ ಎಲ್ಲ ಸರ್ಕಾರಿ ಕಚೇರಿಗಳಲ್ಲೂ ಅದನ್ನು ಹಾಕುವಂತೆ ಆದೇಶವಾಯಿತು. ದಯೆಯ ಬಗ್ಗೆ ಅವರು ಹೇಳಿದ್ದು ನಾಡಿಗೆಲ್ಲ ಬಾಯಿಪಾಠ. ಸೂಪರಿಂಟೆಂಡೆಂಟರ ಕುರ್ಚಿ ಚಿತ್ರಕ್ಕೆ ಬೆನ್ನು ಮಾಡಿದೆ, ಅದು ಅವರ ತಪ್ಪಲ್ಲ, ಪ್ಲಗ್ ಪಾಯಿಂಟು ಆ ಕಡೆಗಿದೆ.

ನಾವೂ ಏನು ಸಾಚಾಗಳಲ್ಲ. ಬ್ಯಾಂಕಿನಲ್ಲಿ, ಆರ್‌ಟಿಒದಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಕಟ್ಟಿ ನಿಂತು ಬ್ರೋಕರಿಗೂ 'ಸಾರ್' ಅನ್ನುವ ನಾವು, ಹೌಸ್ ಸರ್ಜನ್ ಹುಡುಗಿಯ ಮುಂದೆ ಹುಲಿಯಾಗುತ್ತೇವೆ. ಮೊಬೈಲ್ ಎತ್ತಿ ವಿಡಿಯೊ ಮಾಡುತ್ತೇವೆ, ಹತ್ತು ಜನ ಸೇರಿ ಕಾಲರ್ ಹಿಡಿಯುತ್ತೇವೆ, ಕಿಟಕಿ ಗಾಜು ಪುಡಿಮಾಡುತ್ತೇವೆ. ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈಮಾಡಿದರೆ ಮೂರು ವರ್ಷದವರೆಗೆ ಜೈಲು ಎಂದು 2009ರ ರಾಜ್ಯ ಕಾಯ್ದೆ ಹೇಳುತ್ತದೆ. ಅದನ್ನೂ ಬೋರ್ಡಿನಲ್ಲಿ ಬರೆದು ಹಾಕಿರುತ್ತಾರೆ, ಆ ಬೋರ್ಡೂ ಗಲಾಟೆಯಲ್ಲಿ ಒಡೆಯುತ್ತದೆ. ಹೊಡೆಸಿಕೊಳ್ಳುವವರು ಯಾರು ಗಮನಿಸಿ. ವೆಂಟಿಲೇಟರ್ ಕೊಳ್ಳದ ಅಧಿಕಾರಿ ಅಲ್ಲ, ಹುದ್ದೆ ತುಂಬದ ಇಲಾಖೆ ಅಲ್ಲ, ಒಂದೂವರೆ ದಿನದಿಂದ ನಿದ್ದೆ ಮಾಡದ 25ರ ಹುಡುಗ.

ಬೈಯದೆಯೂ ಆಸ್ಪತ್ರೆ ನಡೆಸಬಹುದೆಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ 'ಮೊದಲು ಚಿಕಿತ್ಸೆ, ಆಮೇಲೆ ದುಡ್ಡು' ಎಂಬ ನಿಯಮ ಮಾಡಿದರು. ಆಮೇಲಿನ ಅವರ ರಾಜಕೀಯ ನಿಮಗೆ ಹಿಡಿಸದಿರಬಹುದು, ಆ ಮಾತು ಬೇರೆ. ಆ ನಿಯಮದ ಸೊಗಸು ಎಲ್ಲಿದೆ ಎಂದರೆ, ಅಲ್ಲಿ ಎದೆ ಹಿಡಿದುಕೊಂಡು ಬಂದವನ ಮೇಲೆ ಕೌಂಟರಿನವನು ಕರುಣೆ ತೋರಿಸಬೇಕಾದ ಪ್ರಮೇಯವೇ ಇಲ್ಲ. ಅವನು ಸಿಡುಕನಾಗಿದ್ದರೂ, ಆ ದಿನ ಹೆಂಡತಿಯೊಡನೆ ಜಗಳವಾಡಿ ಬಂದಿದ್ದರೂ, ರೋಗಿಯನ್ನು ಒಳಗೆ ಬಿಡಲೇಬೇಕು. ತುಮಕೂರಿನ ಆ ರಾತ್ರಿ ಬೇಕಾಗಿದ್ದದ್ದು ಇಂಥದ್ದೊಂದು ನಿಯಮ, ಸಾಧ್ವಿಯೊಬ್ಬಳು ಪ್ರತ್ಯಕ್ಷವಾಗುವುದಲ್ಲ.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನದೊಂದು ಸಣ್ಣ ಅರಿಕೆ. ಮುಗುಳ್ನಗೆಯ ಮುಂದಿನ ಕಾರ್ಯಾಗಾರವನ್ನು ಮುಂದೂಡಿ. ಆ ದುಡ್ಡಿನಲ್ಲಿ ಹೆರಿಗೆ ವಾರ್ಡಿನ ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರನ್ನು ಹಾಕಿ, ಪಿಜಿಗಳಿಗೆ ಬಾಗಿಲಿಗೆ ಚಿಲಕವಿರುವ ಒಂದು ಕೋಣೆ ಕೊಡಿ, ಆಯಾಗಳ ಸಂಬಳವನ್ನು ತಿಂಗಳ ಮೊದಲ ವಾರವೇ ಕೈಗೆ ಹಾಕಿ, ಕಾಯುವವರಿಗೆ ನಾಲ್ಕು ಬೆಂಚು ಹಾಕಿಸಿ. ಸಚಿವರ ದಿಢೀರ್ ಭೇಟಿಗೆ ಕ್ಯಾಮೆರಾ ಬಿಟ್ಟು ಬರಲು ಹೇಳಿ. ಇಷ್ಟಾದ ಮೇಲೂ ಸಿಸ್ಟರು ಬೈದರೆ ನನಗೆ ಹೇಳಿ ಕಳಿಸಿ. ನಾನೇ ಬಂದು ನಿಮ್ಮ ಪಕ್ಕದಲ್ಲಿ ನಿಂತು ಅವರಿಗೆ ಬುದ್ಧಿ ಹೇಳುತ್ತೇನೆ.